ಮಕ್ಕಳು ಚಿಕ್ಕವರಿದ್ದಾಗ ಯಾವ ಚರ್ಚಿಗೆ ಸೇರಬೇಕು? ಮೈಸೂರು, ಮಂಡ್ಯದವರಿಗೆ ಒಂದು ಹೋಲಿಕೆ

ಕೆಲಸ ಸಿಕ್ಕಿತೆಂದು ಮೈಸೂರಿಗೆ ಬಂದು ಹೂಟಗಳ್ಳಿ, ಹಿನಕಲ್, ಬೋಗಾದಿ ಕಡೆ ಬಾಡಿಗೆ ಮನೆ ಹಿಡಿದ ಕ್ರೈಸ್ತ ದಂಪತಿಗಳು ಗ್ಯಾಸು, ಹಾಲು, ಶಾಲೆ ಎಲ್ಲ ಹೊಂದಿಸಿಕೊಂಡ ಮೇಲೆ ಕೇಳುವ ಪ್ರಶ್ನೆ ಒಂದಿದೆ: ‘ಇಲ್ಲಿ ನಮಗೆ ಯಾವ ಚರ್ಚು ಸರಿಹೋಗುತ್ತೆ?’ ಒಬ್ಬರೇ ಇದ್ದಾಗ ಈ ಪ್ರಶ್ನೆಗೆ ಇಷ್ಟು ಭಾರವಿರುವುದಿಲ್ಲ. ಹಾಡು ಚೆನ್ನಾಗಿದೆ, ಪ್ರಸಂಗ (ಪಾದ್ರಿಗಳ ಪ್ರವಚನ) ಮನಸ್ಸಿಗೆ ನಾಟುತ್ತದೆ ಅಂದರೆ ಊರಿನ ಈ ತುದಿಯಿಂದ ಆ ತುದಿಗೂ ಹೋಗಿಬರಬಹುದು. ಕಂಕುಳಲ್ಲೊಂದು ಕೂಸು, ಕೈಹಿಡಿದು ಇನ್ನೊಂದು ಇರುವಾಗ ಲೆಕ್ಕವೇ ಬೇರೆ. ನೀವು ಆರಿಸಿಕೊಂಡ ಚರ್ಚಿನಲ್ಲಿ ಕಲಿತ ಪ್ರಾರ್ಥನೆಯನ್ನೇ ಆ ಮಗು ಮುಂದೆ ಜೀವನವಿಡೀ ಹೇಳಿಕೊಳ್ಳುವುದು. ಅಲ್ಲಿ ಸಿಕ್ಕ ಅತ್ತೆ, ಮಾವ, ಅಜ್ಜಿಯರೇ ಹೊಸ ಊರಿನಲ್ಲಿ ಅದಕ್ಕೆ ನೆಂಟರು.

ನಾನು ಬೆಳೆದದ್ದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮನೆಯಲ್ಲಿ, ನನ್ನ ಹೆಂಡತಿ ಕಥೋಲಿಕ ಮನೆಯವಳು. ಹಾಗಾಗಿ ಎರಡೂ ಕಡೆಯ ಒಳಮನೆ ನನಗೆ ಗೊತ್ತು. ಪೆಂತೆಕೋಸ್ತ ಸಭೆಗಳಲ್ಲಿ ಹತ್ತಿರದ ಸ್ನೇಹಿತರಿದ್ದಾರೆ, ಅವರ ಜೊತೆ ಕೂತು ಪ್ರಾರ್ಥನೆ ಮಾಡಿದ್ದೇನೆ. ಇಷ್ಟನ್ನೂ ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇದು: ಮೊದಲು ಗಂಡ ಹೆಂಡತಿ ಕೂತು ಮಗುವಿನ ದೀಕ್ಷಾಸ್ನಾನದ (ಬ್ಯಾಪ್ಟಿಸಂ, ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ವಿಧಿ) ಬಗ್ಗೆ ಒಂದು ತೀರ್ಮಾನಕ್ಕೆ ಬರಬೇಕು. ಆಮೇಲೆ, ಆ ತೀರ್ಮಾನಕ್ಕೆ ಒಪ್ಪುವ ಚರ್ಚುಗಳ ಪೈಕಿ ಮನೆಗೆ ಹತ್ತಿರವಿರುವುದನ್ನು, ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಆರಾಧನೆ ನಡೆಯುವುದನ್ನು ಆರಿಸಬೇಕು. ಕಟ್ಟಡ, ವಾದ್ಯ, ಪ್ರಸಂಗದ ಸೊಗಸು ಇವೆಲ್ಲ ಆಮೇಲಿನ ಮಾತು.

ದೀಕ್ಷಾಸ್ನಾನದ ಮಾತು ಮೊದಲು ಯಾಕೆ

ಚರ್ಚು ಬದಲಾಯಿಸಬಹುದು, ಭಾಷೆ ಬದಲಾಯಿಸಬಹುದು, ಮನೆಯನ್ನೂ ಬದಲಾಯಿಸಬಹುದು. ಮಗುವಿನ ತಲೆಯ ಮೇಲೆ ಒಮ್ಮೆ ಸುರಿದ ನೀರನ್ನು ವಾಪಸು ತೆಗೆಯಲಾಗದು. ಈ ವಿಷಯದಲ್ಲೇ ನಮ್ಮ ಚರ್ಚುಗಳು ಎರಡು ದಾರಿಯಾಗಿ ಒಡೆಯುತ್ತವೆ.

ಕಥೋಲಿಕರು, ಸಿ.ಎಸ್.ಐ.ನವರು, ಸಿರಿಯನ್ ಪರಂಪರೆಯ ಮಲಯಾಳಿ ಸಭೆಗಳವರು ಎಳೆಗೂಸುಗಳಿಗೇ ದೀಕ್ಷಾಸ್ನಾನ ಕೊಡುತ್ತಾರೆ. ಕಥೋಲಿಕ ಧರ್ಮಸಭೆಯ ನಿಯಮದಲ್ಲಂತೂ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಕೊಡಿಸಬೇಕೆಂದಿದೆ. ಬ್ಯಾಪ್ಟಿಸ್ಟ್, ಬ್ರದರನ್, ಪೆಂತೆಕೋಸ್ತ ಸಭೆಗಳಲ್ಲಿ ಮಗುವನ್ನು ಸಭೆಯ ಮುಂದೆ ತಂದು ಪ್ರಾರ್ಥಿಸಿ ದೇವರಿಗೆ ಅರ್ಪಿಸುತ್ತಾರೆ, ಅಷ್ಟೆ. ದೀಕ್ಷಾಸ್ನಾನ ಅಂದರೆ ಅವರಿಗೆ ಬುದ್ಧಿ ಬಂದ ಮೇಲೆ ತಾನೇ ನಂಬಿ, ತಾನೇ ಕೇಳಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳುವುದು.

ಇದರ ಪರಿಣಾಮ ಮುಂದೆ ಕಾಣುತ್ತದೆ. ಕಥೋಲಿಕರೂ ಸಿ.ಎಸ್.ಐ.ನವರೂ ಒಬ್ಬರ ದೀಕ್ಷಾಸ್ನಾನವನ್ನು ಇನ್ನೊಬ್ಬರು ಒಪ್ಪುತ್ತಾರೆ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರು ಹಾಕಿದ್ದರೆ ಮತ್ತೆ ಕೊಡುವ ಮಾತಿಲ್ಲ. ಅದೇ ಮಗು ದೊಡ್ಡದಾಗಿ ಪೆಂತೆಕೋಸ್ತ ಅಥವಾ ಬ್ರದರನ್ ಸಭೆಗೆ ಸೇರಲು ಹೋದರೆ ‘ಕೂಸಿದ್ದಾಗ ಆದದ್ದು ಲೆಕ್ಕಕ್ಕಿಲ್ಲ, ಮುಳುಗಿ ತಗೊಳ್ಳಬೇಕು’ ಅನ್ನುತ್ತಾರೆ. ಆಗ ಅಜ್ಜಿ ತಾತಂದಿರಿಗೆ ಆಗುವ ನೋವು ಸಣ್ಣದಲ್ಲ. ‘ನಾವು ಎತ್ತಿಕೊಂಡು ನಿಂತು ಕೊಡಿಸಿದ್ದು ಸುಳ್ಳಾ?’ ಅಂತ ಹಿರಿಯರು ಅತ್ತ ಮನೆಗಳನ್ನು ನಾನು ಬಲ್ಲೆ. ಎರಡು ಕಡೆಯವರೂ ತಮ್ಮ ನಂಬಿಕೆಗೆ ಸತ್ಯವೇದದಿಂದ ಆಧಾರ ಕೊಡುತ್ತಾರೆ, ಪ್ರಾಮಾಣಿಕವಾಗಿಯೇ ಕೊಡುತ್ತಾರೆ. ನೀವು ಯಾವುದನ್ನು ಒಪ್ಪುತ್ತೀರೆಂದು ಚರ್ಚು ಹುಡುಕುವ ಮೊದಲೇ ತಿಳಿದಿರಲಿ. ಚರ್ಚಿಗೆ ಹೋಗಿ ಆರು ತಿಂಗಳು ಸ್ನೇಹ ಬೆಳೆದ ಮೇಲೆ ಪಾಸ್ಟರು ಕೇಳಿದಾಗ ಯೋಚಿಸುವ ವಿಷಯ ಇದಲ್ಲ. ಆಗ ನಿಮ್ಮ ನಿರ್ಧಾರ ಮುಲಾಜಿನದಾಗಿರುತ್ತದೆ.

ಕಥೋಲಿಕ ಧರ್ಮಕೇಂದ್ರ

ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ನಾಲ್ಕೂ ಜಿಲ್ಲೆಗಳು ಮೈಸೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶಕ್ಕೆ, ಸೇರುತ್ತವೆ. 1886ರಲ್ಲಿ ರೂಪುಗೊಂಡ ಧರ್ಮಪ್ರಾಂತ್ಯ ಇದು. ಇಲ್ಲಿ ‘ಆರಿಸಿಕೊಳ್ಳುವುದು’ ಅನ್ನುವ ಮಾತಿಗೇ ಒಂದು ಮಿತಿಯಿದೆ: ನೀವು ವಾಸವಿರುವ ಬಡಾವಣೆ ಯಾವ ಧರ್ಮಕೇಂದ್ರದ (ಸ್ಥಳೀಯ ಚರ್ಚಿನ) ಸರಹದ್ದಿನಲ್ಲಿದೆಯೋ ಅದೇ ನಿಮ್ಮದು. ಭಾನುವಾರದ ಪೂಜೆಗೆ ಎಲ್ಲಿಗಾದರೂ ಹೋಗಿ, ಯಾರೂ ತಡೆಯುವುದಿಲ್ಲ. ಆದರೆ ಮಗುವಿನ ಜ್ಞಾನಸ್ನಾನ (ಕಥೋಲಿಕರು ದೀಕ್ಷಾಸ್ನಾನಕ್ಕೆ ಅನ್ನುವ ಹೆಸರು), ಪ್ರಥಮ ಪರಮಪ್ರಸಾದ (ಪ್ರಭು ಭೋಜನದ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದು), ಶಾಲೆಗೆ ಬೇಕಾಗುವ ಪತ್ರ ಇವಕ್ಕೆಲ್ಲ ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರವೇ ಹೋಗಬೇಕು. ಬೇರೆ ಕಡೆ ಮಾಡಿಸಬೇಕೆಂದರೆ ಅವರಿಂದ ಒಪ್ಪಿಗೆ ಪತ್ರ ತರಬೇಕು. ಹಾಗಾಗಿ ಮನೆ ಬದಲಿಸಿದ ತಿಂಗಳಲ್ಲೇ ಹೋಗಿ ಕುಟುಂಬದ ಹೆಸರು ಬರೆಸಿಬಿಡಿ.

ಹೊಸಬರು ಮೊದಲು ಹೋಗುವುದು ಅಶೋಕ ರಸ್ತೆಯ ಫಿಲೋಮಿನಾ ಚರ್ಚಿಗೆ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ, ಜರ್ಮನಿಯ ಕಲೋನ್ ಕೆಥೆಡ್ರಲಿನ ಪ್ರೇರಣೆ, 175 ಅಡಿಯ ಜೋಡಿ ಶಿಖರ. ಒಳಗೆ ಕಾಲಿಟ್ಟರೆ ಮಕ್ಕಳು ತಾವಾಗಿಯೇ ಸುಮ್ಮನಾಗಿ ಮೇಲೆ ನೋಡುತ್ತಾರೆ, ಅದು ನಿಜವಾಗಿಯೂ ದೊಡ್ಡ ವರ. ಆದರೂ ಲಷ್ಕರ್ ಮೊಹಲ್ಲಾದ ಸುತ್ತಮುತ್ತ ಮನೆಯಿದ್ದವರಿಗೆ ಬಿಟ್ಟರೆ, ಎಳೆಮಕ್ಕಳ ಕುಟುಂಬಕ್ಕೆ ಅದನ್ನೇ ವಾರವಾರದ ಚರ್ಚು ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಪ್ರವಾಸಿಗಳು ಸದಾ ಬರುವ ಜಾಗ ಅದು. ದಸರಾ ಮತ್ತು ಕ್ರಿಸ್ಮಸ್ ದಿನಗಳಲ್ಲಿ ಗಾಡಿ ನಿಲ್ಲಿಸಲೂ ಕಷ್ಟ. ಅಷ್ಟು ದೊಡ್ಡ ಜನದ ನಡುವೆ ಹೊಸ ಕುಟುಂಬ ಬಂದದ್ದು ಯಾರ ಗಮನಕ್ಕೂ ಬೀಳದೆ ಹೋಗಬಹುದು. ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಯ ಸಂತ ಅಂತೋಣಿಯವರ ಬೆಸಿಲಿಕಾಕ್ಕೂ ಇದೇ ಮಾತು. 2019ರಲ್ಲಿ ಬೆಸಿಲಿಕಾ ಎಂಬ ಗೌರವ ಪಡೆದ ಆ ಪುಣ್ಯಕ್ಷೇತ್ರಕ್ಕೆ ಜೂನ್ 13ರ ಹಬ್ಬಕ್ಕೆ ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಎಲ್ಲ ಜಾತಿ ಮತದವರೂ ಹರಕೆ ಹೊತ್ತು ಬರುವುದನ್ನು ಅವರು ನೋಡಲಿ. ಯಾತ್ರೆಯ ಜಾಗ ಬೇರೆ, ಮಗುವಿನ ಹೆಸರು ಗೊತ್ತಿರುವ ಜಾಗ ಬೇರೆ. ನಿಮ್ಮ ಬಡಾವಣೆಯ ಸಣ್ಣ ಚರ್ಚಿನಲ್ಲಿ ಎರಡನೆಯದು ಸಿಗುತ್ತದೆ.

ಎಳೆಮಕ್ಕಳಿರುವವರಿಗೆ ಕಥೋಲಿಕ ಪೂಜೆಯ ದೊಡ್ಡ ಅನುಕೂಲ ಅದರ ಅಳತೆ. ಸಾಮಾನ್ಯವಾಗಿ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಏಳುವುದು, ಮೊಣಕಾಲೂರುವುದು, ಹಾಡುವುದು, ಗಂಟೆ ಬಾರಿಸುವುದು ಅಂತ ಮಗುವಿನ ಮೈಗೆ ಏನಾದರೂ ಕೆಲಸ ಇದ್ದೇ ಇರುತ್ತದೆ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ್ದಕ್ಕೆ ಸಲ್ಲುವುದರಿಂದ ಹೆಬ್ಬಾಳದ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುವವರಿಗೆ ಅದು ಇರುವ ಚರ್ಚು ಸಿಕ್ಕರೆ ಬಹಳ ಸಲೀಸು. ಕ್ಯಾಟಿಕಿಸಂ (ಮಕ್ಕಳಿಗೆ ಧರ್ಮಬೋಧನೆ) ತರಗತಿ ವರ್ಷದಿಂದ ವರ್ಷಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮಗು ಏಳು ಎಂಟು ವರ್ಷ ದಾಟಿದ ಮೇಲೆ ಪಾಪನಿವೇದನೆ, ಪ್ರಥಮ ಪರಮಪ್ರಸಾದಕ್ಕೆ ಸಿದ್ಧತೆ ಶುರುವಾಗುತ್ತದೆ. ಆ ಸಿದ್ಧತೆಯ ನಡುವೆ ಮನೆ ಬದಲಿಸಿದರೆ ಹಿಂದಿನ ಧರ್ಮಕೇಂದ್ರದಿಂದ ತರಗತಿಯ ಪತ್ರ ತರುವುದನ್ನು ಮರೆಯಬೇಡಿ.

ಕೊರತೆಯೂ ಇದೆ. ದೊಡ್ಡ ಧರ್ಮಕೇಂದ್ರಗಳಲ್ಲಿ ಗುರುಗಳು ಇಬ್ಬರೇ, ಕುಟುಂಬಗಳು ನೂರಾರು. ಯಾರಾದರೂ ಮನೆಗೆ ಬರಲಿ ಅಂತ ಕಾಯುತ್ತಾ ಕೂತರೆ ಕಾಯುತ್ತಲೇ ಇರಬೇಕಾಗುತ್ತದೆ. ಬೀದಿಯ ಕಿರು ಕ್ರೈಸ್ತ ಸಮುದಾಯದ ಕೂಟಕ್ಕೆ, ಅಕ್ಟೋಬರ್ ತಿಂಗಳ ಜಪಸರದ (ರೋಸರಿ) ಪ್ರಾರ್ಥನೆಗೆ ನೀವೇ ಹೋಗಿ ಪರಿಚಯ ಮಾಡಿಕೊಳ್ಳಬೇಕು. ಹಾಗೆ ಹೋದವರ ಮನೆಯಲ್ಲಿ ಬಾಣಂತನದ ಹೊತ್ತಿಗೆ ಯಾರೋ ಒಬ್ಬರು ಸಾರು ತಂದುಕೊಟ್ಟೇ ಕೊಡುತ್ತಾರೆ.

ಸಿ.ಎಸ್.ಐ. ಸಭೆ

ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು 1947ರ ಸೆಪ್ಟೆಂಬರ್ 27ರಂದು ಒಂದಾಗಿ ದಕ್ಷಿಣ ಭಾರತ ಸಭೆಯಾಯಿತು. ಮೈಸೂರಿನ ಸಭೆಗಳು ಮಂಗಳೂರಿನಲ್ಲಿ ಬಿಷಪರಿರುವ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿವೆ. ಮೈಸೂರಿನಲ್ಲಿ ಸಿ.ಎಸ್.ಐ.ನ ಬೇರು ಹೆಚ್ಚಾಗಿ ಮೆಥಡಿಸ್ಟರ ವೆಸ್ಲಿಯನ್ ಮಿಷನ್ನಿನದು. ಇಲ್ಲೇ ಅಚ್ಚುಕೂಟ ನಡೆಸಿ 1887ರಿಂದ ‘ವೃತ್ತಾಂತ ಪತ್ರಿಕೆ’ ಎಂಬ ಕನ್ನಡ ವಾರಪತ್ರಿಕೆ ಹೊರಡಿಸಿದವರು ಅವರು. ಹಾರ್ಡ್ವಿಕ್ ಶಾಲೆ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವ 1906ರ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅದೇ ಕಾಲದವು. ಕನ್ನಡ ಕ್ರೈಸ್ತ ಗೀತೆಗಳನ್ನು ಮಕ್ಕಳು ಬಾಯಿಪಾಠವಾಗಿ ಕಲಿಯಬೇಕೆಂದು ಆಸೆಯಿದ್ದರೆ ಕನ್ನಡ ಸಿ.ಎಸ್.ಐ. ಸಭೆಗೆ ಸಾಟಿಯಿಲ್ಲ. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಗೀತೆಗಳ ಪುಸ್ತಕದಲ್ಲಿ ಅರ್ಧ ಅವಳ ನಾಲಗೆಯ ಮೇಲಿತ್ತು.

ಸಿ.ಎಸ್.ಐ.ನ ಜೀವಾಳ ಸಂಡೇ ಸ್ಕೂಲು. ವಯಸ್ಸಿಗೆ ತಕ್ಕ ತರಗತಿ, ವಾಕ್ಯ ಕಂಠಪಾಠ, ವರ್ಷಕ್ಕೊಮ್ಮೆ ಪರೀಕ್ಷೆ, ಬಹುಮಾನ, ಬೇಸಿಗೆ ರಜೆಯ ವಿ.ಬಿ.ಎಸ್. (ವೆಕೇಷನ್ ಬೈಬಲ್ ಸ್ಕೂಲ್), ಸುಗ್ಗಿ ಹಬ್ಬದಲ್ಲಿ ಮಕ್ಕಳು ತರಕಾರಿ, ತೆಂಗಿನಕಾಯಿ ಹೊತ್ತು ತಂದು ಕಾಣಿಕೆ ಇಡುವುದು, ಹರಾಜು ಕೂಗುವುದು. ಚರ್ಚು ಅಂದರೆ ತಮ್ಮದೂ ಜಾಗ ಅನ್ನುವ ಭಾವ ಮಕ್ಕಳಿಗೆ ಇಲ್ಲಿ ಬೇಗ ಬರುತ್ತದೆ. ಹೆಂಗಸರೂ ಸಭಾಪಾಲಕರಾಗಬಹುದು. ಹೆಣ್ಣುಮಕ್ಕಳನ್ನು ಬೆಳೆಸುವವರಿಗೆ ಇದು ಸಣ್ಣ ಸಂಗತಿಯಲ್ಲ: ನನ್ನ ಮಗಳು ಒಮ್ಮೆ ವೇದಿಕೆಯ ಮೇಲೆ ಹೆಂಗಸೊಬ್ಬರು ಪ್ರಭು ಭೋಜನದ ರೊಟ್ಟಿ ಮುರಿಯುವುದನ್ನು ನೋಡಿ ಇಡೀ ದಿನ ಅದನ್ನೇ ಆಡಿದ್ದಳು.

ಆರಾಧನೆ ಒಂದೂವರೆ ಗಂಟೆಗೆ ಕಡಿಮೆಯಿಲ್ಲ, ಪ್ರಭು ಭೋಜನದ ಸಂಸ್ಕಾರವಿರುವ ಭಾನುವಾರ ಇನ್ನೂ ಹೆಚ್ಚು. ಸಂಡೇ ಸ್ಕೂಲು ಆರಾಧನೆಗೆ ಮೊದಲೋ, ಜೊತೆಯಲ್ಲೋ ಕೇಳಿಕೊಳ್ಳಿ. ಜೊತೆಯಲ್ಲಾದರೆ ತಂದೆತಾಯಿಗೆ ಪ್ರಸಂಗ ಕೇಳಲು ಸಿಗುತ್ತದೆ, ಮೊದಲಾದರೆ ಮಗು ಎರಡೆರಡು ಸಲ ಕೂರಬೇಕು. ಇನ್ನೊಂದು ಮಾತು: ಇಲ್ಲಿ ಸಭೆಯ ಆಡಳಿತಕ್ಕೆ ಚುನಾವಣೆ ನಡೆಯುತ್ತದೆ. ಲೆಕ್ಕಪತ್ರ ಸದಸ್ಯರ ಮುಂದೆ ಬರುವುದು ಒಳ್ಳೆಯದೇ. ಆದರೆ ಕೆಲವು ಕಡೆ ಪಕ್ಷ, ಪಂಗಡ ಆಗಿ ಭಾನುವಾರವೂ ಅದೇ ಮಾತಾಗಿರುತ್ತದೆ. ಚರ್ಚಿನಿಂದ ಹೊರಗೆ ಬಂದ ಮೇಲೆ ಮರದ ಕೆಳಗೆ ಗಂಡಸರು ಏನು ಮಾತಾಡುತ್ತಾರೆ ಅಂತ ಕಿವಿಗೊಟ್ಟರೆ ಸಾಕು, ಗೊತ್ತಾಗುತ್ತದೆ.

ಪೆಂತೆಕೋಸ್ತ ಮತ್ತು ಸ್ವತಂತ್ರ ಸಭೆಗಳು

ಹೊಸ ಬಡಾವಣೆಗಳಲ್ಲಿ ಮಹಡಿ ಮೇಲಿನ ಹಾಲ್, ಶೀಟು ಹೊದಿಸಿದ ಶೆಡ್ಡು, ಯಾರದೋ ಮನೆಯ ಪಡಸಾಲೆ, ಎಲ್ಲೆಲ್ಲೂ ಈ ಸಭೆಗಳಿವೆ. ಹಳೆಯ ಚರ್ಚಿನವರು ಇವನ್ನು ಹಗುರವಾಗಿ ಮಾತಾಡುವುದು ನನಗೆ ಒಪ್ಪಿಗೆಯಿಲ್ಲ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಏರಿದಾಗ ಫೋನು ಮಾಡಿದರೆ ಬೈಕು ತೆಗೆದುಕೊಂಡು ಬರುವ ಪಾಸ್ಟರನ್ನು ನಾನು ಇಲ್ಲೇ ನೋಡಿದ್ದು. ವಾರದ ನಡುವೆ ಮನೆ ಪ್ರಾರ್ಥನೆ, ಉಪವಾಸ ಪ್ರಾರ್ಥನೆ, ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿದಿರುವ ಬಳಗ. ನೆಂಟರಿಷ್ಟರಿಲ್ಲದ ಊರಿನಲ್ಲಿ ಎಳೆ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

ಹಾಗಿದ್ದೂ ಇಲ್ಲಿ ಕಣ್ಣು ತೆರೆದು ಆರಿಸಬೇಕು, ಯಾಕೆಂದರೆ ಒಂದು ಸಭೆಗೂ ಇನ್ನೊಂದಕ್ಕೂ ಅಜಗಜಾಂತರ. ಕಥೋಲಿಕ ಗುರುಗಳಿಗೆ, ಸಿ.ಎಸ್.ಐ. ಸಭಾಪಾಲಕರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಅಲ್ಲಿ ಒಬ್ಬರ ಪ್ರಸಂಗ ಮೆಚ್ಚಿ ಸೇರಿದರೆ ಅವರು ಹೋದ ಮೇಲೆ ನಿರಾಸೆ ಕಾದಿರುತ್ತದೆ. ಸ್ವತಂತ್ರ ಸಭೆಯಲ್ಲಿ ಪಾಸ್ಟರು ಅಲ್ಲೇ ಇರುತ್ತಾರೆ, ಹೆಚ್ಚಾಗಿ ಅವರೇ ಕಟ್ಟಿದ ಸಭೆ. ಅವರು ಒಳ್ಳೆಯವರಾದರೆ ನಿಮ್ಮ ಮಗುವನ್ನು ತೊಟ್ಟಿಲಿನಿಂದ ಕಾಲೇಜಿನ ತನಕ ನೋಡುತ್ತಾರೆ. ಅವರನ್ನು ಕೇಳುವವರು ಯಾರೂ ಇಲ್ಲದಿದ್ದರೆ ಅದೇ ಅಪಾಯ. ಆದ್ದರಿಂದ ಮೊದಲು ಕೇಳಬೇಕಾದ್ದು: ಪಾಸ್ಟರ ಮೇಲೆ ಯಾರಿದ್ದಾರೆ? ಹಿರಿಯರ ಮಂಡಳಿ ಇದೆಯಾ? ಟ್ರಸ್ಟಿನಲ್ಲಿ ಅವರ ಮನೆಯವರೇ ಇದ್ದಾರಾ? ಅಸೆಂಬ್ಲೀಸ್ ಆಫ್ ಗಾಡ್‌ನಂಥ ದೊಡ್ಡ ಸಂಸ್ಥೆಗೆ ಸೇರಿದ ಸಭೆಗಳಲ್ಲಿ ಮೇಲಿನಿಂದ ಒಂದು ಹಿಡಿತವಾದರೂ ಇರುತ್ತದೆ.

ಆರಾಧನೆ ಎರಡೂವರೆ, ಮೂರು ಗಂಟೆ ನಡೆಯುವುದು ಸಾಮಾನ್ಯ. ತಗಡಿನ ಚಾವಣಿಯ ಕೆಳಗೆ ದೊಡ್ಡ ಸ್ಪೀಕರು, ಡ್ರಮ್ಸು ಇದ್ದರೆ ಕೂಸಿನ ಕಿವಿಗೆ ಅದು ನಿಜಕ್ಕೂ ಕೆಟ್ಟದ್ದು. ಹಿಂದಿನ ಸಾಲಿನಲ್ಲಿ, ಸ್ಪೀಕರಿಗೆ ದೂರ ಕೂರಿ. ದನಿ ತಗ್ಗಿಸಿ ಅಂದರೆ ‘ಆತ್ಮದ ಕೆಲಸಕ್ಕೆ ಅಡ್ಡಿ’ ಅನ್ನುವ ಸಭೆಯಾದರೆ ಅದು ಚಿಕ್ಕ ಮಕ್ಕಳಿಗೆ ಒಗ್ಗದು.

ಒಂದು ವಿಷಯದಲ್ಲಿ ಮಾತ್ರ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಸ್ವಸ್ಥತೆಗಾಗಿ ಪ್ರಾರ್ಥಿಸುವುದು ಎಲ್ಲ ಚರ್ಚುಗಳಲ್ಲೂ ಇದೆ, ಅದು ನಮ್ಮ ನಂಬಿಕೆಯ ಭಾಗ. ಆದರೆ ಮಗುವಿಗೆ ಲಸಿಕೆ ಬೇಡ, ಮಾತ್ರೆ ನಿಲ್ಲಿಸಿ, ಆಸ್ಪತ್ರೆಗೆ ಹೋಗುವುದು ಅವಿಶ್ವಾಸ ಅಂತ ಯಾರಾದರೂ ಅಂದರೆ, ಅವರು ಎಷ್ಟೇ ಚೆನ್ನಾಗಿ ಹಾಡಲಿ, ಆ ಕ್ಷಣವೇ ಎದ್ದುಬನ್ನಿ. ಟಿಪ್ಪುವಿನ ಕಾಲ ಮುಗಿದ ಹೊತ್ತಿಗೆ ಶ್ರೀರಂಗಪಟ್ಟಣದ ಗಂಜಾಮಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಸಿಡುಬಿನ ಲಸಿಕೆ ಹಾಕಿಸಲು ಜನರ ನಡುವೆ ದುಡಿದವರು. ಈ ನೆಲದ ಕ್ರೈಸ್ತ ಪರಂಪರೆ ಅಂಥದ್ದು. ಮಂಡಿ ಮೊಹಲ್ಲಾದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದವರೂ ಪ್ರಾರ್ಥಿಸುವವರೇ.

ಮಲಯಾಳಿ ಸಭೆಗಳು, ಇನ್ನಿತರರು

ಕೇರಳದಿಂದ ಬಂದ ಕುಟುಂಬಗಳಿಗೆ ಸಿರೋ ಮಲಬಾರ್, ಮಾರ್ತೋಮ, ಆರ್ಥೊಡಾಕ್ಸ್ ಸಭೆಗಳ ಸೆಳೆತ ಸಹಜ. ಸಿರೋ ಮಲಬಾರ್ ಕಥೋಲಿಕರಿಗೆ 2007ರಿಂದ ಮಂಡ್ಯದ ಹೆಸರಿನಲ್ಲೇ ಪ್ರತ್ಯೇಕ ಧರ್ಮಪ್ರಾಂತ್ಯವಿದೆ, ಮೈಸೂರೂ ಅದರ ವ್ಯಾಪ್ತಿಗೆ ಬರುತ್ತದೆ. ಆರ್ಥೊಡಾಕ್ಸ್ ಸಭೆಯಲ್ಲಿ ದೀಕ್ಷಾಸ್ನಾನದ ದಿನವೇ ಕೂಸಿಗೆ ತೈಲಾಭಿಷೇಕವೂ ಕುರ್ಬಾನವೂ (ಪರಮಪ್ರಸಾದ) ಸಿಗುತ್ತದೆ, ಏಳೆಂಟು ವರ್ಷ ಕಾಯುವ ಪ್ರಶ್ನೆಯೇ ಇಲ್ಲ. ಮನೆಯಲ್ಲಿ ಮಲಯಾಳ ಮಾತಾಡುವವರಿಗೆ ಇದು ತವರು. ಮಕ್ಕಳು ಮೈಸೂರಲ್ಲೇ ಬೆಳೆದು ಕನ್ನಡ, ಇಂಗ್ಲಿಷಿಗೆ ಒಗ್ಗಿದ್ದರೆ ಮಕ್ಕಳ ತರಗತಿ ಯಾವ ಭಾಷೆಯಲ್ಲಿ ಅಂತ ಮುಂಚೆಯೇ ಕೇಳಿ.

ಬ್ರದರನ್ ಸಭೆಗಳಲ್ಲಿ ವಾದ್ಯ, ಆಡಂಬರ ಕಡಿಮೆ, ವಾಕ್ಯದ ಅಭ್ಯಾಸ ಗಟ್ಟಿ. ಪ್ರತಿ ಭಾನುವಾರವೂ ರೊಟ್ಟಿ ಮುರಿಯುತ್ತಾರೆ. ಸೆವೆಂತ್ ಡೇ ಅಡ್ವೆಂಟಿಸ್ಟರಿಗೆ ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಸಂಜೆವರೆಗೆ ಸಬ್ಬತ್ತು. ನಮ್ಮ ಶಾಲೆಗಳಲ್ಲಿ ಶನಿವಾರ ಬೆಳಗಿನ ತರಗತಿ ಇರುವುದರಿಂದ, ಮಗು ಒಂದನೇ ಕ್ಲಾಸಿಗೆ ಬಂದಾಗ ಏನು ಮಾಡುವುದೆಂದು ಈಗಲೇ ಯೋಚಿಸಿರಬೇಕು.

ಒಬ್ಬರು ಕಥೋಲಿಕ, ಇನ್ನೊಬ್ಬರು ಅಲ್ಲ ಅಂದರೆ

ಇದು ನಮ್ಮನೆಯ ಕಥೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಕಥೋಲಿಕರು ಬೇರೆ ಸಭೆಯವರನ್ನು ಚರ್ಚಿನಲ್ಲಿ ಮದುವೆಯಾಗಲು ಬಿಷಪರ ಅನುಮತಿ ಬೇಕು. ಆ ಸಮಯದಲ್ಲಿ, ಹುಟ್ಟುವ ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ತಮ್ಮ ಕೈಲಾದದ್ದನ್ನೆಲ್ಲ ಮಾಡುತ್ತೇನೆಂದು ಕಥೋಲಿಕ ಸಂಗಾತಿ ಮಾತು ಕೊಟ್ಟಿರುತ್ತಾರೆ, ಇನ್ನೊಬ್ಬರಿಗೂ ಅದನ್ನು ತಿಳಿಸಿರುತ್ತಾರೆ. ಮದುವೆಯ ಗಡಿಬಿಡಿಯಲ್ಲಿ ಸಹಿ ಹಾಕಿ ಮರೆತ ಆ ಮಾತು ಮಗು ಹುಟ್ಟಿದಾಗ ಎದುರು ಬಂದು ನಿಲ್ಲುತ್ತದೆ. ಮಾತು ಕೊಟ್ಟವರ ಮನಸ್ಸಿಗೆ ಅದು ಎಷ್ಟು ಮುಖ್ಯ ಅಂತ ಇನ್ನೊಬ್ಬರು ತಿಳಿದುಕೊಳ್ಳಬೇಕು. ನಮ್ಮ ಮಕ್ಕಳ ಜ್ಞಾನಸ್ನಾನ ಕಥೋಲಿಕ ಚರ್ಚಿನಲ್ಲೇ ಆಯಿತು. ಜ್ಞಾನ ತಂದೆತಾಯಿಯರಲ್ಲಿ (ಗಾಡ್‌ಪೇರೆಂಟ್ಸ್) ಒಬ್ಬರು ಕಥೋಲಿಕರಾಗಿದ್ದರೆ, ಜೊತೆಯಲ್ಲಿ ಬೇರೆ ಸಭೆಯ ದೀಕ್ಷಾಸ್ನಾನ ಪಡೆದವರು ಸಾಕ್ಷಿಯಾಗಿ ನಿಲ್ಲಬಹುದು. ನನ್ನ ತಂಗಿ ಹಾಗೆ ನಿಂತಳು. ನನ್ನ ಅಮ್ಮನ ಕಣ್ಣೀರು ಅರ್ಧ ಅಲ್ಲೇ ಒರೆಸಿದಂತಾಯಿತು.

ಪ್ರಭು ಭೋಜನದ ವಿಷಯ ಇದಕ್ಕಿಂತ ನೋವಿನದು. ಕಥೋಲಿಕ ಪೂಜೆಯಲ್ಲಿ ಪರಮಪ್ರಸಾದ ಕಥೋಲಿಕರಿಗೆ ಮಾತ್ರ, ಬಹಳ ವಿಶೇಷ ಸಂದರ್ಭ ಬಿಟ್ಟು. ನಾನು ಪ್ರತಿ ಸಲ ಬೆಂಚಿನಲ್ಲೇ ಕೂತಿರುತ್ತೇನೆ. ಮಗ ಒಮ್ಮೆ ‘ಅಪ್ಪಾ, ನಿನಗ್ಯಾಕೆ ಕೊಡಲ್ಲ?’ ಅಂದ. ಇಂಥ ಪ್ರಶ್ನೆಗೆ ಇಬ್ಬರೂ ಒಂದೇ ಉತ್ತರ ಕೊಡುವ ಹಾಗೆ ಮೊದಲೇ ಮಾತಾಡಿಕೊಂಡಿರಿ. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಅಂತ ಹಂಚಿಕೊಂಡ ದಂಪತಿಗಳಿದ್ದಾರೆ. ದೊಡ್ಡವರಿಗೆ ಅದು ನ್ಯಾಯವಾಗಿ ಕಾಣುತ್ತದೆ, ಮಕ್ಕಳಿಗೆ ಎರಡೂ ಕಡೆ ಸ್ನೇಹಿತರಾಗುವುದಿಲ್ಲ. ಮಕ್ಕಳಿಗೆ ವಾರದ ಚರ್ಚು ಒಂದೇ ಇರಲಿ, ಇನ್ನೊಂದಕ್ಕೆ ಸುಗ್ಗಿ ಹಬ್ಬಕ್ಕೋ ಕ್ರಿಸ್ಮಸ್ ಗಾಯನಕ್ಕೋ ಅಜ್ಜಿಯ ಜೊತೆ ಹೋಗಿಬರಲಿ.

ಭಾಷೆ ಮತ್ತು ದೂರ

ತಂದೆತಾಯಿಗೆ ಇಷ್ಟವಾದ ಭಾಷೆಗಿಂತ ಮಗು ಅಳುವಾಗ, ಜಗಳವಾಡುವಾಗ ಬಳಸುವ ಭಾಷೆ ಯಾವುದು ನೋಡಿ. ಅದೇ ಅದರ ಪ್ರಾರ್ಥನೆಯ ಭಾಷೆ. ಮೈಸೂರಿನಲ್ಲಿ ಒಂದೇ ಚರ್ಚಿನೊಳಗೆ ಕನ್ನಡ, ತಮಿಳು, ಇಂಗ್ಲಿಷಿಗೆ ಬೇರೆಬೇರೆ ಹೊತ್ತು ಇಟ್ಟಿರುವುದುಂಟು, ಬಾಗಿಲ ಬಳಿಯ ಫಲಕದಲ್ಲಿ ಬರೆದಿರುತ್ತಾರೆ. ಇಂಗ್ಲಿಷ್ ಆರಾಧನೆಗೆ ಹೋದರೆ ಮಗುವಿನ ಇಂಗ್ಲಿಷು ಸುಧಾರಿಸುತ್ತದೆ ಅಂತ ಹೋಗುವ ಮನೆಗಳಿವೆ. ಇಂಗ್ಲಿಷನ್ನು ಶಾಲೆ ಕಲಿಸುತ್ತದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಅಜ್ಜಿಯ ಜೊತೆ ದನಿಗೂಡಿಸಿ ಹೇಳುವುದನ್ನು ಯಾವ ಶಾಲೆಯೂ ಕಲಿಸದು. ಮನೆಯಲ್ಲಿ ಕನ್ನಡವಿದ್ದರೆ ಕನ್ನಡ ಆರಾಧನೆಗೇ ಹೋಗಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ದೂರದ ಮಾತು ಸರಳ. ಸ್ಕೂಟರಿನಲ್ಲಿ ಕಾಲು ಗಂಟೆಗಿಂತ ದೂರದ ಚರ್ಚಿಗೆ ಮಳೆಗಾಲದಲ್ಲಿ ಕೂಸು ಕಟ್ಟಿಕೊಂಡು ಹೋಗುವುದು ನಡೆಯುವ ಮಾತಲ್ಲ. ಭಾನುವಾರ ಹೇಗೋ ಹೋದರೂ ವಾರದ ನಡುವಿನ ಪ್ರಾರ್ಥನೆ, ಮಕ್ಕಳ ಗಾಯನದ ಅಭ್ಯಾಸ, ಯಾರದೋ ಸಾವು, ಯಾರದೋ ಹುಟ್ಟುಹಬ್ಬ ಎಲ್ಲ ತಪ್ಪುತ್ತದೆ. ಸಭೆಯ ಜನ ಹತ್ತಿರವಾಗುವುದು ಅವುಗಳಲ್ಲೇ.

ಹೋಗಿ ನೋಡುವಾಗ

ಕ್ರಿಸ್ಮಸ್, ಈಸ್ಟರ್, ವಾರ್ಷಿಕೋತ್ಸವದ ದಿನ ನೋಡಿ ತೀರ್ಮಾನಿಸಬೇಡಿ. ಆವತ್ತು ಎಲ್ಲ ಚರ್ಚೂ ಚೆಂದವೇ. ಜುಲೈ, ಆಗಸ್ಟಿನ ಮಳೆಯ ಭಾನುವಾರ ಹೋಗಿ. ಮಗು ಕಿರುಚಿದಾಗ ಜನ ತಿರುಗಿ ನೋಡುವ ನೋಟ ಹೇಗಿದೆ, ಹಾಲೂಡಿಸಲು, ಬಟ್ಟೆ ಬದಲಿಸಲು ಒಂದು ಮೂಲೆಯಾದರೂ ಇದೆಯಾ, ಶೌಚಾಲಯಕ್ಕೆ ಮಕ್ಕಳು ಒಬ್ಬರೇ ಹೋಗಬೇಕಾ, ಗೇಟು ನೇರ ರಸ್ತೆಗೆ ತೆರೆದುಕೊಳ್ಳುತ್ತದಾ ಗಮನಿಸಿ. ಮಕ್ಕಳ ತರಗತಿಗೆ ಹೋಗಿ ಕೂರುತ್ತೇನೆ ಅಂತ ಕೇಳಿ. ಸಂತೋಷದಿಂದ ಕುರ್ಚಿ ಎಳೆದು ಕೊಟ್ಟರೆ ಒಳ್ಳೆಯ ಲಕ್ಷಣ. ‘ತಂದೆತಾಯಿಗೆ ಪ್ರವೇಶವಿಲ್ಲ’ ಅಂದರೆ ಮತ್ತೆ ಯೋಚಿಸಿ. ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು. ಹೀಗೆ ಕೇಳುವುದರಲ್ಲಿ ಅವಮಾನವೇನಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಚರ್ಚಿನೊಳಗೂ ಅಷ್ಟೇ ಅನ್ವಯಿಸುತ್ತದೆ.

ದುಡ್ಡಿನ ವಿಷಯವೂ ಕೇಳಬಹುದು. ಕಥೋಲಿಕ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕೆಂದು ಅವರ ನಿಯಮ, ಸಿ.ಎಸ್.ಐ.ನಲ್ಲಿ ಸದಸ್ಯತ್ವದ ಚಂದಾ ಕಟ್ಟಿದವರ ಮುಂದೆ ಲೆಕ್ಕ ಓದುತ್ತಾರೆ. ಸ್ವತಂತ್ರ ಸಭೆಗಳಲ್ಲಿ ದಶಮಾಂಶಕ್ಕೆ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು ಕೊಡುವುದಕ್ಕೆ, ಒತ್ತು ಹೆಚ್ಚು. ಮನಸ್ಸಿನಿಂದ ಕೊಡುವವರಿಗೆ ಅದು ಆಶೀರ್ವಾದವೇ. ಆದರೆ ಮನೆ ಬಾಡಿಗೆ, ಶಾಲೆಯ ಫೀಸು, ಸಾಲದ ಕಂತು ಇರುವ ಎಳೆ ಸಂಸಾರದವರ ಹೆಸರು ಹಿಡಿದು, ಕೊಡದಿದ್ದರೆ ಶಾಪ ಅಂತ ಹೆದರಿಸುವ ಕಡೆ ನಿಲ್ಲಬೇಡಿ.

ಶಾಲೆಯ ಸೀಟಿಗಾಗಿ 'ಪಾದ್ರಿಗಳ ಪತ್ರ ಸಿಗುತ್ತೆ' ಅಂತ ಚರ್ಚು ಸೇರುವವರೂ ಇದ್ದಾರೆ. ಸೀಟು ಸಿಕ್ಕ ಮೇಲೆ ಅವರು ಬರುವುದು ನಿಲ್ಲಿಸುತ್ತಾರೆ. ಮಕ್ಕಳು ಅದನ್ನೆಲ್ಲ ನೋಡುತ್ತಿರುತ್ತಾರೆ.

ಮಂಡ್ಯದವರಿಗೆ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಆಯ್ಕೆ ಕಡಿಮೆ. ಒಂದು ಕಥೋಲಿಕ ಚರ್ಚು, ಒಂದು ಸಿ.ಎಸ್.ಐ., ಕೆಲವು ಸಣ್ಣ ಸಭೆ. ಚೆನ್ನಾಗಿ ಓದಿಕೊಂಡ ದಂಪತಿಗಳು ‘ಇಲ್ಲಿ ಮಕ್ಕಳಿಗೆ ಏನೂ ಇಲ್ಲ’ ಅಂತ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿಗೆ ಭಾನುವಾರ ಹೊರಡುತ್ತಾರೆ. ಅವರು ಇಲ್ಲೇ ನಿಲ್ಲಲಿ ಅಂತ ನನ್ನ ಬೇಡಿಕೆ. ಹದಿನೈದು ಮಕ್ಕಳಿರುವ ಸಭೆಯಲ್ಲಿ ನಿಮ್ಮ ಎರಡು ಮಕ್ಕಳು ಸೇರಿದರೆ ಒಂದು ತರಗತಿ ತುಂಬುತ್ತದೆ, ನೀವು ಕಲಿಸಲು ನಿಂತರೆ ಇನ್ನೊಂದು ತೆರೆಯುತ್ತದೆ. ಮಂಡ್ಯದ ಸಭೆಗಳಲ್ಲಿ ಕನ್ನಡ ಯಾವ ಬೆರಕೆಯೂ ಇಲ್ಲದೆ ಕೇಳಿಸುತ್ತದೆ, ಸಾಕ್ಷಿ ಹೇಳುವವರು ಗದ್ದೆಯ ಮಾತಿನಲ್ಲೇ ಹೇಳುತ್ತಾರೆ. ಇಟಲಿಯ ಜೆಸ್ವಿಟ್ (ಯೇಸು ಸಭೆಯ) ಪಾದ್ರಿ ಲಿಯೊನಾರ್ಡೊ ಚಿನ್ನಾಮಿ 1649ರಲ್ಲಿ ಮೈಸೂರು ಮಿಷನ್ ಆರಂಭಿಸಿದ್ದು ಇದೇ ಶ್ರೀರಂಗಪಟ್ಟಣದಲ್ಲಿ, ಕನ್ನಡ ಕಲಿತೇ ಅವರು ಕೆಲಸ ಮಾಡಿದರು. ಮಕ್ಕಳನ್ನು ಒಂದು ದಿನ ಗಂಜಾಮಿನ ಹಳೆಯ ಚರ್ಚಿಗೆ ಕರೆದುಕೊಂಡು ಹೋಗಿ ಇದನ್ನೆಲ್ಲ ಹೇಳಿ.

ಸೇರುವ ಮೊದಲು ಕಾಗದಪತ್ರ

ಸ್ವತಂತ್ರ ಸಭೆಗೆ ಸೇರುವವರು ಎರಡು ವಿಷಯ ವಿಚಾರಿಸಬೇಕು, ಈಗ ಬೇಡವೆನಿಸಿದರೂ. ಮೊದಲನೆಯದು, ಪಾಸ್ಟರಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಮದುವೆ ಮಾಡಿಸುವ ಪರವಾನಗಿ ಇದೆಯೇ ಅಂತ. ಅದಿಲ್ಲದೆ ಮಾಡಿದ ಮದುವೆಯ ದಾಖಲೆ ಮುಂದೆ ತೊಡಕಾಗುತ್ತದೆ. ಎರಡನೆಯದು ಸಮಾಧಿ ಜಾಗ. ಹಳೆಯ ಚರ್ಚುಗಳಿಗೆ ತಮ್ಮದೇ ಸ್ಮಶಾನವಿದೆ, ಹೊಸ ಸಭೆಗಳೆಲ್ಲದಕ್ಕೂ ಇಲ್ಲ. ನಿಮ್ಮ ಜೊತೆ ವಯಸ್ಸಾದ ಅಪ್ಪ ಅಮ್ಮ ಇದ್ದರೆ, ದುಃಖದ ಹೊತ್ತಿನಲ್ಲಿ ಜಾಗಕ್ಕಾಗಿ ಬಾಗಿಲು ಬಾಗಿಲು ತಟ್ಟುವ ಹಾಗಾಗಬಾರದು.

ಹಳೆಯ ಚರ್ಚಿನಿಂದ ಹೇಳದೆ ಕೇಳದೆ ಬಿಟ್ಟುಬರಬೇಡಿ. ಮಗುವಿನ ದೀಕ್ಷಾಸ್ನಾನದ ಪ್ರಮಾಣಪತ್ರ, ನಿಮ್ಮ ಮದುವೆಯದು, ಸದಸ್ಯತ್ವ ವರ್ಗಾವಣೆಯ ಪತ್ರ, ಮೂರನ್ನೂ ಕೇಳಿ ಪಡೆಯಿರಿ. ಪ್ರಮಾಣಪತ್ರದಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ ನಗರಪಾಲಿಕೆಯ ಜನನ ಪತ್ರದ ಹಾಗೆಯೇ ಇದೆಯಾ ಅಲ್ಲೇ ನಿಂತು ಓದಿ ನೋಡಿ. ಒಂದಕ್ಷರ ಆಚೀಚೆ ಇದ್ದರೆ ಹಳೆಯ ರಿಜಿಸ್ಟರು ಎದುರಿಗಿರುವಾಗಲೇ ತಿದ್ದಿಸಿಕೊಂಡು ಬನ್ನಿ.